ಕೊರೆದದ್ದು ನಮ್ಮ ಗೋಡೆ, ಒಡೆದದ್ದು ಪಕ್ಕದ ಮನೆ: ಗೊತ್ತಿಲ್ಲದೆ ಆದ ಹಾನಿಗೆ ಹೊಣೆ ಯಾರು?

ತಿರುಪ್ಪೂರಿನ ಬನಿಯನ್ ಕಂಪೆನಿಗಳಿಗೆ ರವಿವಾರ ರಜೆ. ಊರಿನಿಂದ ವ್ಯಾಪಾರಕ್ಕೋ ಕೆಲಸಕ್ಕೋ ಬಂದು ಲೈನ್ ಮನೆಗಳಲ್ಲಿ ಬಾಡಿಗೆಗಿರುವ ಹುಡುಗರಿಗೆ ಮನೆಯ ಬಾಕಿ ಕೆಲಸ ಮುಗಿಸಲು ಸಿಗುವುದು ಅದೊಂದೇ ದಿನ. ಹೀಗೊಂದು ಸಂಗತಿ ನಡೆಯಿತು ಅಂದುಕೊಳ್ಳಿ. ಮಂಗಳೂರು ಕಡೆಯ ಬ್ಯಾರಿ ಯುವಕನೊಬ್ಬ ಯೂಟ್ಯೂಬ್ ನೋಡಿ, ಗೆಳೆಯನ ಡ್ರಿಲ್ಲಿಂಗ್ ಮೆಷಿನ್ ತಂದು, ಅಡುಗೆಕೋಣೆಯಲ್ಲಿ ಶೆಲ್ಫ್ ಕೂರಿಸಲು ಗೋಡೆ ಕೊರೆಯುತ್ತಾನೆ. ಎರಡನೇ ತೂತಿಗೆ ಬಿಟ್ ಸರ್ರನೆ ಒಳಗೆ ಹೋಗುತ್ತದೆ. ಗೋಡೆಯ ಆಚೆ ಬದಿ ಧಡ್ ಎಂದು ಏನೋ ಬಿದ್ದ ಸದ್ದು.

ಕಿಟಕಿಯಿಂದ ಇಣುಕಿದರೆ ಪಕ್ಕದ ಮನೆಯ ಗೋಡೆಯ ಪ್ಲಾಸ್ಟರ್ ಹಾಳೆಯ ಹಾಗೆ ಕಳಚಿ ಬಿದ್ದಿದೆ. ಅದರ ಜೊತೆ ಸ್ಟೀಲ್ ರ‍್ಯಾಕ್ ಬಿದ್ದು, ಕೆಳಗಿದ್ದ ಟಿವಿಯ ಪರದೆ ಒಡೆದಿದೆ. ಆ ಮನೆಯ ತಮಿಳು ಅಕ್ಕ ಮಕ್ಕಳೊಂದಿಗೆ ತವರಿಗೆ ಹೋಗಿದ್ದಾರೆ, ಬರುವುದು ಸೋಮವಾರ ಸಂಜೆ. ನೋಡಿದವರು ಯಾರೂ ಇಲ್ಲ. ಯುವಕನ ಮುಂದೆ ಮೂರು ದಾರಿಗಳಿವೆ. ಏನೂ ಗೊತ್ತಿಲ್ಲದವನಂತೆ ಇರುವುದು. ಕೇಳಿದರೆ, 'ಹಳೇ ಗೋಡೆ, ತಾನಾಗಿಯೇ ಬಿದ್ದಿರಬೇಕು' ಅನ್ನುವುದು. ಅಥವಾ ಕೂಡಲೇ ಫೋನ್ ಮಾಡಿ, 'ನನ್ನ ಕೈಯಿಂದ ಹೀಗಾಯಿತು' ಎಂದು ಹೇಳುವುದು.

ಮೊದಲ ಎರಡು ದಾರಿಗಳಲ್ಲಿ ಸದ್ಯಕ್ಕೆ ಹಣ ಉಳಿಯುತ್ತದೆ. ಮೂರನೆಯದರಲ್ಲಿ ಒಂದು ತಿಂಗಳ ಸಂಬಳ ಹೋಗಬಹುದು. 'ಬೇಕೂಂತ ಮಾಡಿದ್ದಲ್ಲವಲ್ಲ' ಎಂಬ ಮಾತು ಇಂಥ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಬರುತ್ತದೆ. ಆ ಮಾತಿಗೆ ದೀನ್‌ನಲ್ಲಿ ಎಷ್ಟು ಬೆಲೆಯಿದೆ, ಕಾನೂನಿನಲ್ಲಿ ಎಷ್ಟು ಬೆಲೆಯಿದೆ, ಹಾನಿಯನ್ನು ಲೆಕ್ಕ ಹಾಕಿ ತೀರಿಸುವುದು ಹೇಗೆ ಎಂಬುದನ್ನು ನಮ್ಮ ಯುವಕರು ತಿಳಿದಿರಬೇಕು. ಅಪರಿಚಿತ ಊರಿನಲ್ಲಿ, ಬೇರೆ ಭಾಷೆಯವರ ನಡುವೆ ಬಾಡಿಗೆಗಿರುವವರಿಗಂತೂ ಇದು ಇನ್ನೂ ಮುಖ್ಯ.

ಗುನಾಹ್ ಇಲ್ಲ, ಆದರೆ ಬಾಕಿ ಇದೆ

ತಪ್ಪಿ ಮಾಡಿದ್ದು, ಮರೆತು ಮಾಡಿದ್ದು ಮತ್ತು ಬಲವಂತಕ್ಕೆ ಸಿಲುಕಿ ಮಾಡಿದ್ದನ್ನು ಅಲ್ಲಾಹನು ಈ ಸಮುದಾಯಕ್ಕೆ ಮನ್ನಿಸಿದ್ದಾನೆ ಎಂಬ ಅರ್ಥದ ಹದೀಸ್ ಮದ್ರಸದಲ್ಲಿ ಕಲಿತವರಿಗೆಲ್ಲ ಗೊತ್ತು. ಇದನ್ನೇ ಹಿಡಿದು 'ಗೊತ್ತಿಲ್ಲದೆ ಆದದ್ದು, ಹೊಣೆ ಇಲ್ಲ' ಅನ್ನುವವರಿದ್ದಾರೆ. ಆದರೆ ಉಲಮಾಗಳು ಇದನ್ನು ಹಾಗೆ ಅರ್ಥ ಮಾಡಿಲ್ಲ. ಮನ್ನಿಸಲ್ಪಟ್ಟಿರುವುದು ಪಾಪ. ಇನ್ನೊಬ್ಬರ ಸೊತ್ತಿಗೆ ಆದ ನಷ್ಟ ಹಾಗೆಯೇ ಉಳಿಯುತ್ತದೆ. ಸೊತ್ತಿನ ವಿಷಯದಲ್ಲಿ ಉದ್ದೇಶ ಇದ್ದರೂ ಇಲ್ಲದಿದ್ದರೂ, ಹಾನಿ ಮಾಡಿದವನು ತುಂಬಿಕೊಡಬೇಕು. ಫಿಕ್‌ಹ್‌ನಲ್ಲಿ ಇದಕ್ಕೆ 'ದಮಾನ್' ಎಂಬ ಪದವಿದೆ. ಚಿಕ್ಕ ಮಗುವೊಂದು ಪಕ್ಕದ ಮನೆಯ ಗಾಜು ಒಡೆದರೂ ಮಗುವಿಗೆ ಪಾಪವಿಲ್ಲ, ಆದರೆ ಗಾಜಿನ ಬೆಲೆ ಬಾಕಿಯೇ.

ಆಕಸ್ಮಿಕವಾಗಿ ಒಬ್ಬರ ಪ್ರಾಣ ಹೋದರೂ ಕುಟುಂಬಕ್ಕೆ ಪರಿಹಾರ ಕೊಡಬೇಕೆಂದು ಪವಿತ್ರ ಕುರ್‌ಆನ್‌ನ ಸೂರಃ ಅನ್ನಿಸಾಅ್ 92ನೇ ಆಯತ್ ಹೇಳುತ್ತದೆ. ಉದ್ದೇಶವಿಲ್ಲದ ಕೃತ್ಯಕ್ಕೂ ಲೆಕ್ಕ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಆಧಾರ ಬೇಕಿಲ್ಲ.

ಇದು ಹಕ್ಕುಲ್ ಇಬಾದ್, ಅಂದರೆ ಜನರ ಹಕ್ಕು. ನಮಾಝ್, ನೋಂಬು, ಝಕಾತ್ ಎಲ್ಲವನ್ನೂ ಹೊತ್ತು ಬಂದವನು ಜನರ ಹಕ್ಕು ಬಾಕಿ ಇಟ್ಟದ್ದರಿಂದ ಪರಲೋಕದಲ್ಲಿ ದಿವಾಳಿಯಾಗುವ ಬಗ್ಗೆ ಪ್ರವಾದಿ (ಸ) ಎಚ್ಚರಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ವ್ಯಾಪಾರಸ್ಥರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಸಾಲ ಪುಸ್ತಕದಲ್ಲಿ ಬರೆಯದಿದ್ದ ಮಾತ್ರಕ್ಕೆ ಅದು ತೀರುವುದಿಲ್ಲ.

ಪಕ್ಕದ ಮನೆಯವರು ಮುಸ್ಲಿಮರಲ್ಲದಿದ್ದರೂ ಇದು ಬದಲಾಗುವುದಿಲ್ಲ. ಸ್ವಹಾಬಿ ಅಬ್ದುಲ್ಲಾಹಿಬ್ನು ಅಮ್ರ್ (ರ) ಮನೆಯಲ್ಲಿ ಆಡು ಕೊಯ್ದಾಗ ಮೊದಲು ವಿಚಾರಿಸಿದ್ದು, ಯಹೂದಿ ನೆರೆಯವರಿಗೆ ಪಾಲು ಕೊಟ್ಟಿರಾ ಎಂದು. ಈ ಘಟನೆ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ನೆರೆಹೊರೆಯ ಹಕ್ಕಿಗೆ ಧರ್ಮದ ಷರತ್ತು ಇಲ್ಲ.

ಜುರೈಜ್ ಕಥೆಯಲ್ಲಿ ನಾವು ಗಮನಿಸದ ಭಾಗ

ಜುರೈಜ್ ಎಂಬ ಆರಾಧಕರ ಕಥೆ ನಮ್ಮ ಮತಪ್ರಸಂಗಗಳಲ್ಲಿ ಬಹಳ ಸಲ ಬರುತ್ತದೆ. ನಮಾಝ್‌ನಲ್ಲಿದ್ದಾಗ ತಾಯಿ ಕರೆದರು, ಅವರು ಓಗೊಡಲಿಲ್ಲ, ತಾಯಿಯ ಮನ ನೊಂದಿತು. ಸಾಮಾನ್ಯವಾಗಿ ಉಸ್ತಾದರು ತಾಯಿಯ ದುಆದ ಮಹತ್ವ ಹೇಳಿ ಅಲ್ಲಿಗೆ ಮುಗಿಸುತ್ತಾರೆ. ಆದರೆ ಕಥೆಯ ಕೊನೆಯಲ್ಲಿ ಒಂದು ಗೋಡೆಯ ವಿಷಯವಿದೆ.

ಸುಳ್ಳು ಆರೋಪ ನಂಬಿದ ಊರವರು ಜುರೈಜ್‌ರ ಆರಾಧನಾ ಕೋಣೆಯನ್ನು ಕೆಡವಿಬಿಟ್ಟರು. ತೊಟ್ಟಿಲ ಮಗು ಮಾತಾಡಿ ಸತ್ಯ ಹೊರಬಂದ ಮೇಲೆ ನಾಚಿ, ಅದನ್ನು ಚಿನ್ನದಲ್ಲಿ ಕಟ್ಟಿಕೊಡುತ್ತೇವೆ ಎಂದರು. ಜುರೈಜ್ ಒಪ್ಪಲಿಲ್ಲ. ಮಣ್ಣಿನದ್ದೇ ಸಾಕು ಎಂದರು. ಇಮಾಮ್ ಬುಖಾರಿ (ರ) ತಮ್ಮ ಸಂಗ್ರಹದಲ್ಲಿ ಅನ್ಯಾಯಗಳ ಕುರಿತ ಅಧ್ಯಾಯದಲ್ಲೂ ಈ ಹದೀಸನ್ನು ತಂದಿದ್ದಾರೆ. ಗೋಡೆ ಕೆಡವಿದವನು ಅದೇ ರೀತಿಯ ಗೋಡೆ ಕಟ್ಟಿಕೊಡಬೇಕು ಎಂಬ ಅರ್ಥದ ಶೀರ್ಷಿಕೆಯ ಕೆಳಗೆ.

ಹಾನಿ ಮಾಡಿದವನಿಗೂ ಹಾನಿಗೊಳಗಾದವನಿಗೂ ಇಲ್ಲಿ ಪಾಠವಿದೆ. ಮಾಡಿದವನು ಇದ್ದುದನ್ನು ಇದ್ದ ಹಾಗೆ ಮಾಡಿಕೊಡಬೇಕು, 'ಸಾರಿ' ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ನಷ್ಟವಾದವನು ಮಣ್ಣಿನ ಗೋಡೆಗೆ ಚಿನ್ನದ ಗೋಡೆ ಕೇಳುವಂತಿಲ್ಲ.

ಸೂರಃ ಅಲ್ ಅಂಬಿಯಾಅ್ 78, 79ನೇ ಆಯತ್‌ಗಳಲ್ಲಿ ಪ್ರವಾದಿ ದಾವೂದ್ (ಅ) ಮತ್ತು ಸುಲೈಮಾನ್ (ಅ) ಮುಂದೆ ಬಂದ ವ್ಯಾಜ್ಯದ ಉಲ್ಲೇಖವಿದೆ. ರಾತ್ರಿ ಒಬ್ಬರ ಆಡುಗಳು ಇನ್ನೊಬ್ಬರ ಬೆಳೆ ಮೇಯ್ದುಬಿಟ್ಟವು. ತಫ್ಸೀರ್ ಗ್ರಂಥಗಳ ಪ್ರಕಾರ, ಆಡುಗಳನ್ನೇ ಹೊಲದವನಿಗೆ ಕೊಡಬೇಕೆಂಬುದು ದಾವೂದ್ (ಅ)ರ ತೀರ್ಪು. ಸುಲೈಮಾನ್ (ಅ) ಬೇರೆ ದಾರಿ ಹೇಳಿದರು. ಆಡಿನವನು ಹೊಲವನ್ನು ಮೊದಲಿನಂತೆ ಬೆಳೆಸಿಕೊಡಲಿ, ಅಲ್ಲಿಯವರೆಗೆ ಹೊಲದವನು ಆಡುಗಳ ಹಾಲು, ಉಣ್ಣೆ ಬಳಸಲಿ, ಹೊಲ ಸರಿಯಾದಾಗ ಇಬ್ಬರೂ ತಮ್ಮ ತಮ್ಮದನ್ನು ವಾಪಸ್ ಪಡೆಯಲಿ. ನಷ್ಟವೂ ತುಂಬಿತು, ಒಬ್ಬನ ಬದುಕೂ ಮುಳುಗಲಿಲ್ಲ. ಪಕ್ಕದ ಮನೆಯ ಟಿವಿ ಒಡೆದ ಹುಡುಗ, ರಿಪೇರಿಯಾಗುವ ತನಕ ತನ್ನ ಟಿವಿಯನ್ನು ಆ ಮನೆಯ ಮಕ್ಕಳಿಗೆ ಕೊಟ್ಟರೆ ಇದೇ ದಾರಿಯಲ್ಲಿ ನಡೆದ ಹಾಗೆ.

ಕಾನೂನು ಕೇಳುವ ಪ್ರಶ್ನೆ ಬೇರೆ

ನಮ್ಮ ಸಿವಿಲ್ ಕಾನೂನಿನಲ್ಲಿ ಇಂಥ ಹಾನಿಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ, 'ನಿರ್ಲಕ್ಷ್ಯ ಇತ್ತೇ?' ಎಂಬುದು. ಜಾಗ್ರತೆಯುಳ್ಳ ಮನುಷ್ಯ ತೆಗೆದುಕೊಳ್ಳುವಷ್ಟು ಎಚ್ಚರಿಕೆ ತೆಗೆದುಕೊಂಡಿದ್ದರೆ ಹೊಣೆಯಿಂದ ತಪ್ಪಿಸಿಕೊಳ್ಳುವ ಸಾಧ್ಯತೆ ಇದೆ. ಫಿಕ್‌ಹ್ ಕೇಳುವುದು, 'ಯಾರ ಕೈಯಿಂದ ಆಯಿತು?' ಎಂದು. ಹಾಗಾಗಿ ಕೋರ್ಟಿನಲ್ಲಿ ಬಿಡುಗಡೆ ಸಿಕ್ಕರೂ ಅಲ್ಲಾಹನ ಮುಂದೆ ಬಾಕಿ ಉಳಿಯಬಹುದು.

ಹಾಗಂತ ಕಾನೂನು ಮೆದು ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಫ್ಲೆಚರ್ ಎಂಬವರ ಕಲ್ಲಿದ್ದಲು ಗಣಿಗೆ ಪಕ್ಕದ ರೈಲ್ಯಾಂಡ್ಸ್ ಅವರ ಹೊಸ ನೀರಿನ ಕೆರೆಯಿಂದ ನೀರು ನುಗ್ಗಿತು. ಕೆರೆ ಕಟ್ಟಿದ್ದು ಗುತ್ತಿಗೆದಾರರು. ರೈಲ್ಯಾಂಡ್ಸ್ ಸ್ವತಃ ನಿರ್ಲಕ್ಷ್ಯ ಮಾಡಿರಲಿಲ್ಲ. ಆದರೂ 1868ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಅವರನ್ನೇ ಹೊಣೆ ಮಾಡಿತು. ಹೊರಗೆ ಹೋದರೆ ಕೇಡು ಮಾಡುವಂಥ ವಸ್ತುವನ್ನು ಅಸಾಮಾನ್ಯ ರೀತಿಯಲ್ಲಿ ತನ್ನ ಜಾಗದಲ್ಲಿ ಕೂಡಿಟ್ಟವನು ಅದರ ಪರಿಣಾಮಕ್ಕೆ ಉತ್ತರಿಸಬೇಕು ಎಂಬುದು ಅದರ ಸಾರ. ಭಾರತದ ಕೋರ್ಟುಗಳೂ ಈ ತತ್ವವನ್ನು ಬಳಸುತ್ತಾ ಬಂದಿವೆ.

'ಮೇಸ್ತ್ರಿ ಮಾಡಿದ್ದು, ಅವನನ್ನು ಕೇಳಿ' ಎಂಬ ಮಾತಿಗೂ ಮಿತಿ ಇದೆ. ಡಾಲ್ಟನ್ ಮತ್ತು ಆಂಗಸ್ ನಡುವಿನ 1881ರ ಹೆಸರಾಂತ ಪ್ರಕರಣದಲ್ಲಿ, ಅಗೆದು ಪಕ್ಕದ ಕಟ್ಟಡದ ಆಸರೆ ತಪ್ಪಿಸಿದ್ದು ಗುತ್ತಿಗೆದಾರ. ಆದರೂ ಕೆಲಸ ಮಾಡಿಸಿದ ಮಾಲಕ ಹೊಣೆಯಿಂದ ಪಾರಾಗಲಿಲ್ಲ. ಮೇಸ್ತ್ರಿಯ ಜೊತೆ ಲೆಕ್ಕ ನಂತರ ಮಾಡಿಕೊಳ್ಳಬಹುದು. ಪಕ್ಕದ ಮನೆಯವರನ್ನು ಅವನ ಬೆನ್ನಟ್ಟಿಸುವುದು ಸರಿಯಲ್ಲ.

ನಮ್ಮಲ್ಲಿ 1882ರ ಭಾರತೀಯ ಸರಾಗ ಹಕ್ಕುಗಳ ಕಾಯ್ದೆ, ಅಂದರೆ ಈಸ್‌ಮೆಂಟ್ ಕಾಯ್ದೆ ಇದೆ. ಅದು ಮೊದಲು ಜಾರಿಯಾದ ಪ್ರಾಂತಗಳಲ್ಲಿ ಮದ್ರಾಸ್ ಕೂಡ ಒಂದು. ಆಗ ಕೊಯಮತ್ತೂರು, ದಕ್ಷಿಣ ಕನ್ನಡ, ಕಾಸರಗೋಡು ಎಲ್ಲವೂ ಮದ್ರಾಸ್ ಪ್ರಾಂತದಲ್ಲೇ ಇದ್ದವು. 1956ರ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ಊರಿನಲ್ಲೂ ಕೊಯಮತ್ತೂರಿನಲ್ಲೂ ಈ ವಿಷಯದಲ್ಲಿ ಕಾನೂನು ಒಂದೇ. ಪ್ರತಿಯೊಬ್ಬರ ನೆಲಕ್ಕೂ ಪಕ್ಕದ ನೆಲ ಕೊಡುವ ಸಹಜ ಆಸರೆ ಒಂದು ಹಕ್ಕು. 20 ವರ್ಷ ಅಡ್ಡಿಯಿಲ್ಲದೆ ಆಸರೆ ಪಡೆದ ಕಟ್ಟಡಕ್ಕೂ ಆ ಹಕ್ಕು ಬರುತ್ತದೆ. ನಮ್ಮ ಜಾಗ ನಮ್ಮದೇ ಆದರೂ, ಪಕ್ಕದವರ ಪಾಯ ಕುಸಿಯುವ ಹಾಗೆ ಅಗೆಯುವ ಹಕ್ಕು ನಮಗಿಲ್ಲ.

ಕ್ರಿಮಿನಲ್ ಕೇಸ್? ಸೊತ್ತು ಹಾನಿಯ ಅಪರಾಧಕ್ಕೆ ಉದ್ದೇಶ ಅಥವಾ ಹಾನಿಯಾಗುತ್ತದೆ ಎಂಬ ಅರಿವು ಬೇಕು. ನಿಜವಾದ ಆಕಸ್ಮಿಕ ಅದರೊಳಗೆ ಬರುವುದಿಲ್ಲ. ಆದರೆ 2024 ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಮು, ಕಟ್ಟಡ ಕೆಡವುವಾಗ, ರಿಪೇರಿ ಮಾಡುವಾಗ ಅಥವಾ ಕಟ್ಟುವಾಗ ಜನರ ಜೀವಕ್ಕೆ ಅಪಾಯವಾಗದಂತೆ ಎಚ್ಚರಿಕೆ ವಹಿಸದವರಿಗೆ ಆರು ತಿಂಗಳ ತನಕ ಸೆರೆ, 5,000 ರೂಪಾಯಿ ತನಕ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಜೀವ ಹೋದರೆ ಕಲಮು ಬೇರೆ, ಶಿಕ್ಷೆಯೂ ದೊಡ್ಡದು.

ನಡೂರು ಮತ್ತು ಮದನಿನಗರ: ಗೋಡೆ ಬಿದ್ದ ಮೇಲೆ ಮಾತಿಗೆ ಅವಕಾಶವಿಲ್ಲ

ಶೆಲ್ಫ್, ಟಿವಿ ಎಂದರೆ ದುಡ್ಡಿನಲ್ಲಿ ತೀರುವ ಮಾತು. ಗೋಡೆಯೇ ಬಿದ್ದರೆ ಏನಾಗುತ್ತದೆ ಎಂಬುದನ್ನು ಕೊಯಮತ್ತೂರು ಜಿಲ್ಲೆ 2019 ಡಿಸೆಂಬರ್ 2ರ ಮುಂಜಾವ ನೋಡಿದೆ. ಮೆಟ್ಟುಪಾಳಯಂ ಬಳಿಯ ನಡೂರಿನಲ್ಲಿ ಭಾರೀ ಮಳೆಗೆ ಖಾಸಗಿ ಮನೆಯೊಂದರ ಎತ್ತರದ ಕಾಂಪೌಂಡ್ ಗೋಡೆ ಪಕ್ಕದ ಬಡವರ ಮನೆಗಳ ಮೇಲೆ ಕುಸಿಯಿತು. ಮಲಗಿದ್ದಲ್ಲೇ 17 ಮಂದಿ ಸತ್ತರು. ಎಲ್ಲರೂ ದಲಿತ ಸಮುದಾಯದವರು. ಗೋಡೆ ಅಪಾಯಕಾರಿಯಾಗಿದೆ ಎಂದು ಮೊದಲೇ ಹೇಳಿದ್ದೆವು, ಯಾರೂ ಕಿವಿಗೊಡಲಿಲ್ಲ ಎಂದು ನಿವಾಸಿಗಳು ದೂರಿದರು. ತಮ್ಮನ್ನು ದೂರವಿಡಲೆಂದೇ ಅಷ್ಟು ಎತ್ತರ ಕಟ್ಟಲಾಗಿತ್ತು, ಅದು ಅಸ್ಪೃಶ್ಯತೆಯ ಗೋಡೆ ಎಂದು ದಲಿತ ಸಂಘಟನೆಗಳು ಆರೋಪಿಸಿದವು. ಮಾಲಕರ ಬಂಧನವಾಯಿತು. ಸರಕಾರ ಮೃತರ ಕುಟುಂಬಗಳಿಗೆ ಮೊದಲು ತಲಾ 4 ಲಕ್ಷ ರೂಪಾಯಿ ಘೋಷಿಸಿ, ನಂತರ ಅದನ್ನು 10 ಲಕ್ಷಕ್ಕೆ ಏರಿಸಿತು. ಆದರೆ ಆ ಲೆಕ್ಕ ಹಣದಿಂದ ತೀರುವಂಥದ್ದಾಗಿರಲಿಲ್ಲ.

ನಮ್ಮವರಿಗೆ ಇನ್ನೂ ಹತ್ತಿರದ ನೆನಪು ಉಳ್ಳಾಲ ಬಳಿಯ ಕುತ್ತಾರು ಮದನಿನಗರದ್ದು. 2024 ಜೂನ್ 26ರ ಬೆಳಗ್ಗೆ ಮಳೆಗೆ ನೆರೆಮನೆಯ ಕಾಂಪೌಂಡ್ ಗೋಡೆ ಕುಸಿದು, ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಂದೇ ಕುಟುಂಬದ ನಾಲ್ವರು ಮಣ್ಣುಪಾಲಾದರು.

ಇವೆರಡೂ ರವಿವಾರದ ಮನೆ ರಿಪೇರಿಯ ಅವಘಡಗಳಲ್ಲ. ಆದರೆ ಗೋಡೆ ಬಿದ್ದ ಮೇಲೆ ಪಕ್ಕದವರ ಬಳಿ ಮಾತಾಡಲು ಅವಕಾಶ ಇರುವುದಿಲ್ಲ. ಅವಕಾಶ ಇರುವುದು ಬಿರುಕು ಕಂಡಾಗ, ಗೋಡೆ ವಾಲಿದಾಗ. 'ನಿಮ್ಮ ಗೋಡೆ ಸ್ವಲ್ಪ ಬಾಗಿದ ಹಾಗೆ ಕಾಣುತ್ತದೆ' ಎಂದು ಪಕ್ಕದವರು ಹೇಳಿದರೆ ಅದನ್ನು ಜಗಳ ಅಂದುಕೊಳ್ಳದೆ ಕೂಡಲೇ ಹೋಗಿ ನೋಡಬೇಕು.

ಊರು ಬಿಟ್ಟು ಬಂದವರು ಇನ್ನೊಂದು ವಿಷಯ ತಿಳಿದಿರಬೇಕು. ಮಂಗಳೂರಿನಲ್ಲಿ ಗೋಡೆಗಳಿಗೆ ಕಂಟಕ ಜೂನ್, ಜುಲೈ ತಿಂಗಳಲ್ಲಿ. ಕೊಯಮತ್ತೂರಿನಲ್ಲಿ ಒಟ್ಟು ಮಳೆ ಕಡಿಮೆ, ಆದರೆ ಅದು ಜೋರಾಗಿ ಬರುವುದು ಹಿಂಗಾರಿನಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ. ಊರಿನಲ್ಲಿ ಮುರಕಲ್ಲಿನ ನೆಲ. ಕೊಯಮತ್ತೂರು ಭಾಗದಲ್ಲಿ ಹಲವೆಡೆ ಕಪ್ಪು ಮಣ್ಣು. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಯಾರೂ ಮುಟ್ಟದೆಯೇ ಗೋಡೆ ಬಿರುಕು ಬಿಡುತ್ತದೆ. ಆದ್ದರಿಂದ ಇಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಗೋಡೆ ಬುಡ ಅಗೆಯುವ ಕೆಲಸ ಬೇಡ. ಮತ್ತು ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂಬ ಜಗಳ ಬಾರದಿರಲು ಕೆಲಸಕ್ಕೆ ಮೊದಲೇ ಫೋಟೊ ಇರಬೇಕು.

ಹಾನಿಯಾದ ದಿನ ಏನು ಮಾಡಬೇಕು?

ಮೊದಲು ಅಪಾಯ ತಡೆಯಿರಿ. ಪೈಪ್ ಒಡೆದರೆ ಗೇಟ್ ವಾಲ್ವ್ ಮುಚ್ಚಿ. ವಯರಿಗೆ ತಾಗಿದರೆ ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬರುವ ತನಕ ಮುಟ್ಟಬೇಡಿ. ಗೋಡೆ ಸಡಿಲವಾಗಿದ್ದರೆ ಎರಡೂ ಕಡೆಯ ಜನರನ್ನು, ಮುಖ್ಯವಾಗಿ ಮಕ್ಕಳನ್ನು ದೂರ ಕಳಿಸಿ. ಹಾನಿ ಎಷ್ಟಾಯಿತು ಎಂದು ನೋಡುವುದು ಆಮೇಲೆ.

ಎರಡನೆಯದು, ಅವರಿಗೆ ಗೊತ್ತಾಗುವ ಮೊದಲು ನೀವೇ ಹೇಳಿ. ಇಡೀ ವಿಷಯದಲ್ಲಿ ಮುಖ್ಯವಾದ ಹೆಜ್ಜೆ ಇದು. ತಾವಾಗಿಯೇ ಬಂದು ಹೇಳಿದವರ ಮೇಲೆ ಸಿಟ್ಟು ಒಂದು ದಿನ ಇರುತ್ತದೆ, ಮುಚ್ಚಿಟ್ಟು ಸಿಕ್ಕಿಬಿದ್ದವರ ಮೇಲೆ ವರ್ಷಗಟ್ಟಲೆ. ಸಾಧ್ಯವಾದರೆ ಬಾಗಿಲಿಗೆ ಹೋಗಿ ಹೇಳಿ, ಊರಲ್ಲಿ ಇಲ್ಲದಿದ್ದರೆ ಫೋನ್ ಮಾಡಿ. ಫ್ಲ್ಯಾಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕುವ ವಿಷಯ ಇದಲ್ಲ. ತಮಿಳು ಅಷ್ಟಾಗಿ ಬಾರದವರು, 'ತಪ್ಪು ಎಂಗ ಮೇಲೆ ದಾನ್ ಅಕ್ಕಾ, ನಾಂಗಳೇ ಸರಿ ಪಣ್ಣಿ ತರೋಂ' ಅಂದರೆ ಸಾಕು. ತಪ್ಪು ನಮ್ಮದೇ, ನಾವೇ ಸರಿ ಮಾಡಿಕೊಡುತ್ತೇವೆ ಎಂದು ಅರ್ಥ. 'ಪಾಯ್ ನೇರವಾಗಿ ಬಂದು ಹೇಳಿದರು' ಎಂಬ ಮಾತು ಆ ಬೀದಿಯಲ್ಲಿ ಉಳಿಯುತ್ತದೆ. ಅದರ ಗುಣ ನಂತರ ಅಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬರುವ ನಮ್ಮ ಇನ್ನೊಬ್ಬ ಹುಡುಗನಿಗೂ ಸಿಗುತ್ತದೆ.

ಮೂರನೆಯದು, ಇಬ್ಬರೂ ಸೇರಿ ಹಾನಿ ನೋಡಿ ಫೋಟೊ ತೆಗೆಯಿರಿ. ದೂರದಿಂದ ಒಂದು, ಹತ್ತಿರದಿಂದ ಒಂದು. ಒಡೆದ ವಸ್ತುವಿನ ಮಾಡೆಲ್ ನಂಬರ್ ಬರೆದಿಡಿ. ರಿಪೇರಿಯ ಅಂದಾಜು ನಿರ್ಧಾರವಾಗುವ ತನಕ ಚೂರುಗಳನ್ನು ಎಸೆಯಬೇಡಿ.

ನಾಲ್ಕನೆಯದು, ಬಾಡಿಗೆ ಮನೆಯಾದರೆ ಮನೆ ಮಾಲಕರಿಗೂ ಹೇಳಿ. ಒಡೆದ ಟಿವಿ ಪಕ್ಕದವರದ್ದು, ಆದರೆ ಗೋಡೆ ಮಾಲಕರದ್ದು. ಎರಡು ಬಾಕಿಗಳು ಬೇರೆ ಬೇರೆ. ಶೆಲ್ಫ್ ಹೊಡೆಯುವ ಮೊದಲೇ ಅನುಮತಿ ಕೇಳಿದ್ದರೆ ಒಳ್ಳೆಯದಿತ್ತು ಎಂಬುದು ಇಂಥ ಹೊತ್ತಿನಲ್ಲೇ ಗೊತ್ತಾಗುವುದು.

ಲೆಕ್ಕ ಹೇಗೆ ಹಾಕಬೇಕು?

ಜಗಳ ಆಗುವುದು ಹೆಚ್ಚಾಗಿ ತಪ್ಪು ಯಾರದ್ದು ಎಂಬ ಬಗ್ಗೆ ಅಲ್ಲ, ಎಷ್ಟು ಕೊಡಬೇಕು ಎಂಬ ಬಗ್ಗೆ. ಇಲ್ಲಿ ಮೂರು ವಿಂಗಡಣೆ ಮಾಡಿಕೊಂಡರೆ ಸುಲಭ.

ಅದೇ ರೀತಿಯದ್ದು ಅಂಗಡಿಯಲ್ಲಿ ಸಿಗುವಂಥ ವಸ್ತುವಾದರೆ ಅದನ್ನೇ ತಂದುಕೊಡಿ. ಬಲ್ಬಿಗೆ ಬಲ್ಬ್, ಬಕೆಟಿಗೆ ಬಕೆಟ್. ಪ್ರವಾದಿ (ಸ) ಅವರ ಮನೆಯಲ್ಲಿ ಒಬ್ಬ ಪತ್ನಿಯ ಕೈಯಿಂದ ಇನ್ನೊಬ್ಬ ಪತ್ನಿ ಕಳಿಸಿದ ಊಟದ ತಟ್ಟೆ ಒಡೆದಾಗ, ಪ್ರವಾದಿಯವರು ಚೆಲ್ಲಿದ ಆಹಾರವನ್ನು ತಾವೇ ಒಟ್ಟುಮಾಡಿ, ಸೇವಕನನ್ನು ನಿಲ್ಲಿಸಿಕೊಂಡು, ಒಡೆಯದ ತಟ್ಟೆಯನ್ನು ಅವನ ಕೈಯಲ್ಲೇ ಕಳಿಸಿದರು. ಒಡೆದದ್ದನ್ನು ಒಡೆದವರ ಮನೆಯಲ್ಲೇ ಇಟ್ಟರು. ಬುಖಾರಿಯಲ್ಲಿರುವ ಈ ಘಟನೆಯಲ್ಲಿ ಬೈಗುಳವಿಲ್ಲ, ತಡವೂ ಇಲ್ಲ.

ರಿಪೇರಿಯಾಗುವಂಥದ್ದಾದರೆ ರಿಪೇರಿಯ ಪೂರ್ತಿ ಖರ್ಚು ನಿಮ್ಮದು. ಮೇಸ್ತ್ರಿಯನ್ನು ಆರಿಸುವ ಹಕ್ಕು ಅವರಿಗೆ ಬಿಡಿ. ಎರಡು ಕಡೆ ಅಂದಾಜು ಕೇಳಿ, ಇಬ್ಬರೂ ಒಪ್ಪಿದ್ದನ್ನು ಮಾಡಿಸಿ. ಪ್ಲಾಸ್ಟರ್ ಹಾಕಿದ ಜಾಗಕ್ಕೆ ಮಾತ್ರ ಪೇಂಟ್ ಹೊಡೆದರೆ ತೇಪೆ ಎದ್ದು ಕಾಣುತ್ತದೆ, ಆ ಒಂದು ಗೋಡೆಗೆ ಪೂರ್ತಿ ಹೊಡೆಸುವುದು ನ್ಯಾಯ. ಆದರೆ ಇಡೀ ಮನೆಗೆ ಪೇಂಟ್ ಕೇಳಿದರೆ ಅದು ಚಿನ್ನದ ಗೋಡೆ ಕೇಳಿದ ಹಾಗೆ.

ರಿಪೇರಿಯಾಗದ ಹಳೆಯ ವಸ್ತುವಾದರೆ ಅದರ ಈಗಿನ ಬೆಲೆ ನೋಡಬೇಕು. ಉದಾಹರಣೆಗೆ 20,000 ರೂಪಾಯಿಯ ಟಿವಿ. ಎಂಟು ವರ್ಷ ಬಾಳುವಂಥದ್ದು ಎಂದು ಇಬ್ಬರೂ ಒಪ್ಪಿದರು, ಈಗ ನಾಲ್ಕು ವರ್ಷ ಆಗಿದೆ ಅಂದರೆ ಸುಮಾರು 10,000 ರೂಪಾಯಿ ಲೆಕ್ಕ ಬರುತ್ತದೆ. ಅದೇ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಟಿವಿ ಅಂಗಡಿಯಲ್ಲಿ 12,000ಕ್ಕೆ ಸಿಗುವುದಾದರೆ ಆ ಬೆಲೆಯೇ ಹೆಚ್ಚು ನ್ಯಾಯ. ಸಂಶಯವಿದ್ದಲ್ಲಿ ಸ್ವಲ್ಪ ಹೆಚ್ಚು ಕೊಡುವುದು ಕೊಡುವವನಿಗೆ ನೆಮ್ಮದಿ. ಶಾಫಿಈ ಮದ್‌ಹಬ್‌ನಲ್ಲಿ ಯಾವ ವಸ್ತುವಿಗೆ ವಸ್ತು, ಯಾವುದಕ್ಕೆ ಬೆಲೆ, ಕಟ್ಟಡಕ್ಕೆ ಹೇಗೆ ಎಂಬ ಸೂಕ್ಷ್ಮ ವಿವರಗಳಿವೆ, ದೊಡ್ಡ ಮೊತ್ತದ ವಿಷಯವಾದರೆ ಉಸ್ತಾದರನ್ನು ಕೇಳಿಯೇ ಮುಂದುವರಿಯಿರಿ.

ಒಮ್ಮೆಗೇ ಕೊಡಲು ಆಗದಿದ್ದರೆ ಕಂತು ಕೇಳಲು ನಾಚಿಕೆ ಬೇಡ. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಸೂರಃ ಅಲ್ ಬಖರಃ 280ನೇ ಆಯತ್‌ನ ಬೋಧನೆ. ಬಿಟ್ಟುಕೊಡುವುದು ನಷ್ಟವಾದವನ ಔದಾರ್ಯ. ಅದನ್ನು ಅವನಾಗಿ ಮಾಡಬೇಕು, ನಾವು ನಿರೀಕ್ಷಿಸುವಂತಿಲ್ಲ.

ಎರಡು ಸಾಲು ಬರೆದಿಡಿ

ಸಾಲದ ವ್ಯವಹಾರವನ್ನು ಬರೆದಿಡಲು ಹೇಳುವ ಅಲ್ ಬಖರಃ 282ನೇ ಆಯತ್ ಕುರ್‌ಆನ್‌ನಲ್ಲೇ ಅತಿ ಉದ್ದದ ಆಯತ್. ಇಲ್ಲಿಯೂ ಅದೇ ಕ್ರಮ. ದೊಡ್ಡ ಪತ್ರ ಬೇಡ. 'ಇಂಥ ತಾರೀಕಿನಂದು ನಮ್ಮ ಮನೆಯಲ್ಲಿ ಗೋಡೆ ಕೊರೆಯುವಾಗ ನಿಮ್ಮ ಗೋಡೆಯ ಪ್ಲಾಸ್ಟರ್ ಮತ್ತು ಟಿವಿಗೆ ಹಾನಿಯಾಯಿತು. ಗೋಡೆ ರಿಪೇರಿ ಮಾಡಿಸಿಕೊಟ್ಟಿದ್ದೇವೆ, ಟಿವಿಗೆ ಇಷ್ಟು ಹಣ ಕೊಟ್ಟಿದ್ದೇವೆ. ಈ ವಿಷಯದಲ್ಲಿ ಇನ್ನು ಬಾಕಿ ಇಲ್ಲ' ಎಂದು ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿ ಇದ್ದರೆ ಆಯ್ತು. ಹಣವನ್ನು ಯುಪಿಐಯಲ್ಲಿ ಕಳಿಸಿ, ಯಾಕೆ ಎಂದು ಅದರಲ್ಲೇ ಬರೆಯಿರಿ. ಆರು ತಿಂಗಳ ನಂತರ ಗೋಡೆಯಲ್ಲಿ ಇನ್ನೊಂದು ಬಿರುಕು ಕಂಡಾಗ ಈ ಕಾಗದ ಇಬ್ಬರನ್ನೂ ಕಾಯುತ್ತದೆ.

ಮಾತು ಕೂಡದಿದ್ದರೆ? ಮೊದಲು ಇಬ್ಬರಿಗೂ ಬೇಕಾದ ಹಿರಿಯರೊಬ್ಬರು, ಮನೆ ಮಾಲಕರು ಅಥವಾ ಫ್ಲ್ಯಾಟಿನ ಅಸೋಸಿಯೇಷನ್. ನಂತರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. 1987ರ ಕಾಯ್ದೆಯಡಿ ನಡೆಯುವ ಲೋಕ್ ಅದಾಲತ್‌ನಲ್ಲಿ ಶುಲ್ಕವಿಲ್ಲ. ಅಲ್ಲಿ ಆಗುವ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿಯೂ ಇಲ್ಲ. ಕೊನೆಗೆ ಸಿವಿಲ್ ದಾವೆ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಆದರೆ ಹತ್ತು ಸಾವಿರದ ಟಿವಿಗೆ ವರ್ಷಗಟ್ಟಲೆ ಕೋರ್ಟು ಅಲೆಯುವುದು ಯಾವ ವ್ಯಾಪಾರಿಗೂ ಲಾಭದ ಮಾತಲ್ಲ.

ಕೊರೆಯುವ ಮುನ್ನ

ಈ ತೊಂದರೆಗಳಲ್ಲಿ ಹೆಚ್ಚಿನವು ಹತ್ತು ನಿಮಿಷದ ತಯಾರಿಯಿಂದ ತಪ್ಪುತ್ತವೆ. ಲೈನ್ ಮನೆಗಳ ನಡುವಿನ ಗೋಡೆ ಹಲವು ಕಡೆ ಬರೀ ನಾಲ್ಕೂವರೆ ಇಂಚು ದಪ್ಪ. ಮೊದಲು ದಪ್ಪ ತಿಳಿದುಕೊಳ್ಳಿ. ಎಷ್ಟು ಆಳ ಬೇಕೋ ಅಷ್ಟಕ್ಕೆ ಬಿಟ್‌ನ ಮೇಲೆ ಟೇಪ್ ಸುತ್ತಿ, ಟೇಪ್ ತನಕ ಹೋದಾಗ ನಿಲ್ಲಿಸಿ. ತೆಳು ಗೋಡೆಗೆ ಹ್ಯಾಮರ್ ಮೋಡ್ ಬೇಡ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ, ನಳ್ಳಿಯ ನೇರ ಮೇಲೆ ಕೊರೆಯಬೇಡಿ, ವಯರ್ ಮತ್ತು ಪೈಪ್ ಹೋಗುವುದು ಅಲ್ಲೇ. ಪಕ್ಕದವರ ಗೋಡೆಯಲ್ಲಿ ಆ ಜಾಗದಲ್ಲಿ ಏನು ತೂಗುಹಾಕಿದ್ದಾರೆ ಎಂದು ಕೇಳಿ, ಅರ್ಧ ಗಂಟೆ ತೆಗೆದಿಡಲು ಹೇಳಿ. ಗೋಡೆ ಕೆಡವುವುದು, ಪಾಯದ ಬಳಿ ಅಗೆಯುವುದು, ಪಕ್ಕದ ಹೆಂಚಿನ ಕಡೆ ವಾಲಿದ ತೆಂಗಿನಮರ ಕಡಿಯುವುದು ಯೂಟ್ಯೂಬ್ ನೋಡಿ ಮಾಡುವ ಕೆಲಸವಲ್ಲ. ಗೊತ್ತಿದ್ದವರನ್ನು ಕರೆಯಿರಿ.

ಪಕ್ಕದವರಿಗೂ ಒಂದು ಮಾತು. ನೆರೆಯವನು ನಿಮ್ಮ ಗೋಡೆಗೆ ತೊಲೆ ಊರಲು ಬಂದರೆ ತಡೆಯಬೇಡಿ ಎಂದು ಪ್ರವಾದಿ (ಸ) ಹೇಳಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಗೋಡೆ ಹಂಚಿಕೊಂಡವರು ಒಬ್ಬರಿಗೊಬ್ಬರು ಸ್ವಲ್ಪ ತೊಂದರೆ ಸಹಿಸಿಕೊಳ್ಳಬೇಕು.

ಈಗ ಆ ತಿರುಪ್ಪೂರಿನ ಯುವಕನ ಕಡೆ ಬನ್ನಿ. ಸೋಮವಾರ ಸಂಜೆ ಅಕ್ಕ ಬಸ್ ಇಳಿದು ಬರುವ ಹೊತ್ತಿಗೆ ಅವನು ಫೋನಿನಲ್ಲಿ ಹೇಳಿ, ಮೇಸ್ತ್ರಿಗೆ ಸಮಯ ಗೊತ್ತುಮಾಡಿ, ತನ್ನ ಟಿವಿಯನ್ನು ಅವರ ಜಗಲಿಯಲ್ಲಿ ತಂದಿಟ್ಟಿದ್ದರೆ ಅವರು ಏನು ಹೇಳಬಹುದು? ಬೈಯಬಹುದು. ಪೂರ್ತಿ ಹಣ ಕೇಳಬಹುದು. 'ಪರವಾಯಿಲ್ಲೆ ತಂಬಿ, ಅರ್ಧ ಕೊಡು' ಅನ್ನಲೂಬಹುದು. ಅದು ಅವರಿಗೆ ಬಿಟ್ಟದ್ದು. ಅವನ ಕೈಯಲ್ಲಿದ್ದುದು ಹೇಳುವುದು ಮತ್ತು ಮಾಡಿಕೊಡುವುದು, ಅದನ್ನು ಅವನು ಮಾಡಿದ್ದಾನೆ. ಆ ರಾತ್ರಿ ತೆಳು ಗೋಡೆಯ ಆಚೆಯಿಂದ ಮಕ್ಕಳ ಮಾತು ಕೇಳಿದಾಗ ಅವನು ನೆಮ್ಮದಿಯಿಂದ ಮಲಗಬಹುದು.